ಆಕ್ಸೈಡ್ ಮೇಲಿನ ಚಿನ್ನವನ್ನು ಒರೆಗೆ ಹಚ್ಚುವುದು ಹೇಗೆ

ಒಂದು ಗ್ರಾಂ ನೇರಳೆ ಪುಡಿಯನ್ನು ಕಾಗದದ ಮೇಲೆ ಸುರಿದುಕೊಳ್ಳಿ. ಅದರಲ್ಲಿ ನೂರಕ್ಕೆ 99 ಪಾಲು ಟೈಟಾನಿಯ, ಅಂದರೆ ಗೋಡೆಯ ಬಿಳಿ ಬಣ್ಣದಲ್ಲಿರುವ ಅದೇ ಟೈಟಾನಿಯಂ ಡೈಆಕ್ಸೈಡ್. ಉಳಿದ ಒಂದು ಪಾಲು, 10 ಮಿಲಿಗ್ರಾಂ, ಚಿನ್ನ. ಈ ಚಿನ್ನವೆಲ್ಲ 3 ನ್ಯಾನೋಮೀಟರ್ ವ್ಯಾಸದ ಗೋಳಗಳಾಗಿ ಹರಡಿದ್ದರೆ ಒಂದೊಂದು ಗೋಳದಲ್ಲಿ ಸುಮಾರು 830 ಪರಮಾಣು ಇರುತ್ತವೆ. ಪುಡಿಯಲ್ಲಿ ಅಂಥ ಗೋಳಗಳು ಸುಮಾರು 370 ಕೋಟಿ ಕೋಟಿ. ಟೈಟಾನಿಯದ ಮೇಲ್ಮೈ ಗ್ರಾಮಿಗೆ 50 ಚದರ ಮೀಟರ್ ಎಂದು ಹಿಡಿದರೂ ಒಂದು ಚಿನ್ನದ ಕಣಕ್ಕೂ ಪಕ್ಕದ ಕಣಕ್ಕೂ ನಡುವೆ 35–40 ನ್ಯಾನೋಮೀಟರ್ ಬಯಲು.

ಇದೊಂದು ವೇಗವರ್ಧಕ, ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು. ಈ ಪುಡಿಯ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಚಿನ್ನ ಎಷ್ಟಿದೆ? ಕಣ ಎಷ್ಟು ದೊಡ್ಡದು? ಚಿನ್ನ ಲೋಹವಾಗಿದೆಯೋ ಅಯಾನ್ ಆಗಿದೆಯೋ? ಇದರಲ್ಲಿ ಕೆಲಸ ಮಾಡುತ್ತಿರುವುದು ಯಾವುದು? ಕೇಳುವುದು ಸುಲಭ. ಆದರೆ ಒಂದೊಂದು ಉಪಕರಣವೂ ತನಗೆ ಕಾಣುವ ಚಿನ್ನವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಯಾವುದಕ್ಕೆ ಯಾವುದು ಕಾಣುವುದಿಲ್ಲ ಎಂಬುದು ಗೊತ್ತಿಲ್ಲದೆ ಅಂಕಿಗಳನ್ನು ಜೋಡಿಸಿದರೆ ಅಳತೆಯೆಲ್ಲ ಸರಿಯಿದ್ದೂ ತೀರ್ಮಾನ ತಪ್ಪುತ್ತದೆ.

ಇಷ್ಟೆಲ್ಲ ಕಷ್ಟ ಪಡುವುದಕ್ಕೆ ಕಾರಣವಿದೆ. ಚಿನ್ನ ಯಾವುದರ ಜೊತೆಗೂ ಸುಲಭವಾಗಿ ಸೇರದ ಲೋಹ. ಒಡವೆಗೆ ಅದನ್ನು ಆರಿಸಿಕೊಂಡದ್ದೇ ಆ ಗುಣಕ್ಕೆ. 1987ರಲ್ಲಿ ಜಪಾನಿನ ಮಸತಾಕೆ ಹರುತ ಮತ್ತು ಸಂಗಡಿಗರು ಕಬ್ಬಿಣ, ಕೋಬಾಲ್ಟ್, ನಿಕಲ್‌ಗಳ ಆಕ್ಸೈಡ್ ಮೇಲೆ ಅತಿ ಸಣ್ಣ ಚಿನ್ನದ ಕಣಗಳನ್ನು ಕೂರಿಸಿ, ಶೂನ್ಯಕ್ಕಿಂತ ಎಷ್ಟೋ ಕೆಳಗೆ, ಮೈನಸ್ 70 ಡಿಗ್ರಿ ಸೆಲ್ಸಿಯಸ್ ಹತ್ತಿರದಲ್ಲೂ, ಕಾರ್ಬನ್ ಮಾನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡ್ ಮಾಡಬಹುದೆಂದು ತೋರಿಸಿದರು. ಅದಕ್ಕೂ ಎರಡು ವರ್ಷ ಮುಂಚೆ, 1985ರಲ್ಲಿ, ಬ್ರಿಟನ್ನಿನ ಗ್ರಹಾಂ ಹಚಿಂಗ್ಸ್ ಅಸಿಟಿಲೀನಿನಿಂದ ವಿನೈಲ್ ಕ್ಲೋರೈಡ್ ತಯಾರಿಕೆಗೆ ಚಿನ್ನವೇ ಒಳ್ಳೆಯ ವೇಗವರ್ಧಕವಾಗಬಹುದೆಂದು ಊಹಿಸಿದ್ದರು. ಹರುತರ ಕ್ರಿಯೆಯಲ್ಲಿ ಎಲ್ಲವೂ ನಿಂತಿರುವುದು ಕಣದ ಅಳತೆಯ ಮೇಲೆ. 2–5 ನ್ಯಾನೋಮೀಟರ್ ಕಣ ಚುರುಕು. ಅದೇ ಚಿನ್ನ 20 ನ್ಯಾನೋಮೀಟರ್‌ಗೆ ಬೆಳೆದರೆ ಬಹುಮಟ್ಟಿಗೆ ಸುಮ್ಮನಾಗುತ್ತದೆ.

ಯಾಕೆಂದು ಒಂದು ಸಣ್ಣ ಲೆಕ್ಕದಿಂದಲೇ ಕಾಣಬಹುದು. ಈ ಕ್ರಿಯೆ ಹೆಚ್ಚಾಗಿ ನಡೆಯುವುದು ಚಿನ್ನವೂ ಆಕ್ಸೈಡೂ ಕೂಡುವ ಅಂಚಿನಲ್ಲಿ ಎಂಬುದಕ್ಕೆ ಸಾಕಷ್ಟು ಆಧಾರವಿದೆ. ಕಣವನ್ನು ಬೋರಲು ಹಾಕಿದ ಬಟ್ಟಲಿನಂತೆ ಅರ್ಧಗೋಳ ಎಂದುಕೊಳ್ಳಿ. 3 ನ್ಯಾನೋಮೀಟರ್ ಬಟ್ಟಲಿನಲ್ಲಿ ಸುಮಾರು 415 ಪರಮಾಣು. ಕೆಳಗಿನ ಅಂಚಿನ ಸುತ್ತಳತೆ 9.4 ನ್ಯಾನೋಮೀಟರ್. ಚಿನ್ನದ ಎರಡು ಪರಮಾಣುಗಳ ನಡುವಿನ ದೂರ 0.288 ನ್ಯಾನೋಮೀಟರ್ ಆದ್ದರಿಂದ ಅಂಚಿನಲ್ಲಿ 33 ಪರಮಾಣು, ಅಂದರೆ ನೂರಕ್ಕೆ 8. ವ್ಯಾಸ 6ಕ್ಕೆ ಏರಿತೆನ್ನಿ. ಒಟ್ಟು ಪರಮಾಣು 3,300 ದಾಟುತ್ತದೆ, ಅಂಚಿನಲ್ಲಿರುವುದು 65 ಮಾತ್ರ, ನೂರಕ್ಕೆ 2. ವ್ಯಾಸ ಎರಡು ಪಟ್ಟಾದರೆ ಅದೇ ತೂಕದ ಚಿನ್ನ ಕೊಡುವ ಅಂಚು ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಸರಾಸರಿ ವ್ಯಾಸದಲ್ಲಿ ಅರ್ಧ ನ್ಯಾನೋಮೀಟರ್ ತಪ್ಪಿದರೂ ಮುಂದಿನ ಲೆಕ್ಕವೆಲ್ಲ ಹಾದಿ ಬಿಡುತ್ತದೆ.

ಮೊದಲು ತೂಕ, ಆಮೇಲೆ ಕ್ಲೋರಿನ್

ಸೂಕ್ಷ್ಮದರ್ಶಕದ ಮುಂದೆ ಕೂರುವ ಆತುರ ಎಲ್ಲರಿಗೂ ಇರುತ್ತದೆ. ಅದಕ್ಕೆ ಮುಂಚೆ ಪುಡಿಯಲ್ಲಿ ಚಿನ್ನ ಎಷ್ಟಿದೆ ಎಂಬುದನ್ನು ರಾಸಾಯನಿಕವಾಗಿಯೇ ಅಳೆಯಬೇಕು. ಹಾಕಿದಷ್ಟು ಚಿನ್ನ ಪುಡಿಯಲ್ಲಿ ಇರುತ್ತದೆ ಎಂದು ಭಾವಿಸುವಂತಿಲ್ಲ.

ಬಹಳ ಬಳಕೆಯಲ್ಲಿರುವ ತಯಾರಿಯನ್ನೇ ನೋಡಿ. ಲೀಟರಿಗೆ 0.0042 ಮೋಲ್ ಇರುವ 100 ಮಿಲಿಲೀಟರ್ ಕ್ಲೋರೋಆರಿಕ್ ಆಮ್ಲದ ದ್ರಾವಣವನ್ನು 80 ಡಿಗ್ರಿಗೆ ಕಾಯಿಸಿ, ಸೋಡಿಯಂ ಹೈಡ್ರಾಕ್ಸೈಡ್ ಹನಿಸಿ ಪಿಎಚ್ 8ಕ್ಕೆ ತಂದು, ಒಂದು ಗ್ರಾಂ ಟೈಟಾನಿಯ ಬೆರೆಸಿ ಎರಡು ಗಂಟೆ ಕಲಕುತ್ತಾರೆ. ದ್ರಾವಣದಲ್ಲಿ 83 ಮಿಲಿಗ್ರಾಂ ಚಿನ್ನವಿದೆ. ಎಲ್ಲವೂ ಕೂತರೆ ಪುಡಿಯಲ್ಲಿ ನೂರಕ್ಕೆ 8 ಪಾಲು ಹತ್ತಿರ ಇರಬೇಕು. ಕೂರುವುದು 2–3 ಪಾಲು. ಮಿಕ್ಕಿದ್ದು ತೊಳೆದ ನೀರಿನಲ್ಲಿ ಹೋಗುತ್ತದೆ. ಪಿಎಚ್ ಏರಿದಂತೆ ಕ್ಲೋರಿನ್ ಜಾಗಕ್ಕೆ ಹೈಡ್ರಾಕ್ಸಿಲ್ ಬಂದು ಕಣ ಸಣ್ಣದಾಗುತ್ತದೆ, ಆದರೆ ಟೈಟಾನಿಯದ ಮೇಲ್ಮೈ ಪಿಎಚ್ 6ರ ಆಚೆ ಋಣ ಆವೇಶ ಪಡೆದು ಚಿನ್ನದ ಋಣ ಅಯಾನನ್ನು ದೂಡುತ್ತದೆ. ಸಣ್ಣ ಕಣ ಬೇಕೆಂದರೆ ಚಿನ್ನದ ನಷ್ಟವನ್ನು ಒಪ್ಪಿಕೊಳ್ಳಬೇಕು. ಸೋಡಿಯಂ ಹೈಡ್ರಾಕ್ಸೈಡ್ ಬದಲು ಯೂರಿಯಾ ಹಾಕಿ 80 ಡಿಗ್ರಿಯಲ್ಲಿ 16 ಗಂಟೆ ಬಿಟ್ಟರೆ ಪಿಎಚ್ ನಿಧಾನವಾಗಿ ತಾನೇ ಏರಿ ಹೆಚ್ಚೂಕಡಿಮೆ ಎಲ್ಲ ಚಿನ್ನವೂ ಕೂರುತ್ತದೆ. ಇದೇ ವಿಧಾನವನ್ನು ಸಿಲಿಕಾದ ಮೇಲೆ ಮಾಡಹೋದರೆ ಕೈಗೆ ಏನೂ ಸಿಗುವುದಿಲ್ಲ: ಅದರ ಮೇಲ್ಮೈ ಪಿಎಚ್ 2ರಿಂದಲೇ ಋಣವಾಗಿರುತ್ತದೆ.

ಅಳೆಯುವುದಕ್ಕೆ ಐಸಿಪಿ ಸಾಕು, ಅಂದರೆ ದ್ರಾವಣವನ್ನು ಬಿಸಿ ಪ್ಲಾಸ್ಮಾಕ್ಕೆ ಹಾಯಿಸಿ, ಧಾತು ಹೊಮ್ಮಿಸುವ ಬೆಳಕಿನ ರೇಖೆಗಳಿಂದ ಅದರ ಪ್ರಮಾಣ ತಿಳಿಯುವ ಯಂತ್ರ. 20–50 ಮಿಲಿಗ್ರಾಂ ಪುಡಿಯನ್ನು ಆಗತಾನೇ ಬೆರೆಸಿದ ಆಕ್ವಾ ರೀಜಿಯಾದಲ್ಲಿ (ನೈಟ್ರಿಕ್, ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ) ಕಾಯಿಸಿದರೆ ಚಿನ್ನ ಕರಗುತ್ತದೆ, ಟೈಟಾನಿಯ ತಳದಲ್ಲೇ ಉಳಿಯುತ್ತದೆ. ಉಳಿದ ಪುಡಿ ಅಪ್ಪಟ ಬಿಳಿಯಾಗಿದೆಯೇ ನೋಡಿ. ಬೂದು ಅಥವಾ ನೇರಳೆ ಛಾಯೆ ಇದ್ದರೆ ಇನ್ನೊಮ್ಮೆ ಕಾಯಿಸಬೇಕು. ದ್ರಾವಣವನ್ನು ತೆಳುಗೊಳಿಸುವಾಗ ಬರೀ ನೀರು ಹಾಕಬೇಡಿ. ಹೈಡ್ರೋಕ್ಲೋರಿಕ್ ಆಮ್ಲ ಕಡಿಮೆಯಾದ ಕೂಡಲೇ ಚಿನ್ನ ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತದೆ, ಯಂತ್ರಕ್ಕೆ ಹೋಗುವ ಹನಿಯಲ್ಲಿ ಕಡಿಮೆ ತೋರುತ್ತದೆ. 242.8 ಮತ್ತು 267.6 ನ್ಯಾನೋಮೀಟರ್ ರೇಖೆ ಎರಡರಲ್ಲೂ ಓದಿ ತಾಳೆ ನೋಡುವುದು ಒಳ್ಳೆಯದು, ಆಧಾರದಲ್ಲಿ, ಅಂದರೆ ಚಿನ್ನ ಕೂತಿರುವ ಆಕ್ಸೈಡಿನಲ್ಲಿ, ಕಬ್ಬಿಣವಿದ್ದರಂತೂ ನೋಡಲೇಬೇಕು. ತೊಳೆದ ನೀರನ್ನೂ ಅಳೆಯಿರಿ. ಪುಡಿಯಲ್ಲಿದ್ದದ್ದು, ನೀರಿನಲ್ಲಿ ಹೋದದ್ದು ಎರಡೂ ಕೂಡಿ ಹಾಕಿದ ಚಿನ್ನಕ್ಕೆ ಸಮನಾದರೆ ಮಾತ್ರ ಲೆಕ್ಕ ಮುಗಿಯಿತು.

ಕ್ಲೋರಿನ್ ವಿಷಯಕ್ಕೆ ಬಂದರೆ, ಕಣಗಳು ಕೂಡಿ ದಪ್ಪವಾಗುವುದಕ್ಕೆ ಅದರಷ್ಟು ನೆರವಾಗುವುದು ಬೇರೊಂದಿಲ್ಲ. ತೊಳೆಯದೆ 300 ಡಿಗ್ರಿಗೆ ಕಾಯಿಸಿದ ಪುಡಿಯಲ್ಲಿ 3 ನ್ಯಾನೋಮೀಟರ್ ಆಗಬೇಕಿದ್ದ ಚಿನ್ನ ಹತ್ತಾರು ನ್ಯಾನೋಮೀಟರ್‌ಗೆ ಬೆಳೆದಿರುತ್ತದೆ. 50 ಡಿಗ್ರಿಯ ನೀರು, ಪ್ರತಿ ಸಲ 100 ಮಿಲಿಲೀಟರ್, ಕನಿಷ್ಠ ನಾಲ್ಕು ಸಲ. ಕೊನೆಯ ತೊಳೆನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದಾಗ ಬಿಳಿ ಮಬ್ಬು ಬರಬಾರದು. ಆದರೆ ಈ ಪರೀಕ್ಷೆ ಹೇಳುವುದು ನೀರಿನ ಸಮಾಚಾರವನ್ನು. ಆಕ್ಸೈಡಿಗೆ ಅಂಟಿಕೊಂಡ ಕ್ಲೋರಿನ್ ಅದಕ್ಕೆ ಕಾಣದು. ಎಕ್ಸ್ ಕಿರಣ ಬಿದ್ದಾಗ ಮೇಲ್ಮೈಯಿಂದ ಹೊರಬೀಳುವ ಎಲೆಕ್ಟ್ರಾನ್‌ಗಳ ಶಕ್ತಿ ಅಳೆದು ಧಾತು ಗುರುತಿಸುವ ಎಕ್ಸ್‌ಪಿಎಸ್‌ನಲ್ಲಿ 198–199 ಎಲೆಕ್ಟ್ರಾನ್‌ವೋಲ್ಟ್ ಬಳಿ ಶಿಖರ ಇದೆಯೇ ಎಂದು ನೋಡಿಕೊಳ್ಳಿ. ಅಮೋನಿಯಾ ನೀರಿನಿಂದ ತೊಳೆದರೆ ಕ್ಲೋರಿನ್ ಚೆನ್ನಾಗಿ ಹೋಗುತ್ತದೆಂದು ಕೆಲವರು ಮಾಡುತ್ತಾರೆ. ಎಚ್ಚರ: ಚಿನ್ನದ ಅಯಾನೂ ಅಮೋನಿಯಾವೂ ಸೇರಿ ಹುಟ್ಟುವ ಸಂಯುಕ್ತ ಒಣಗಿದ ಮೇಲೆ ತಟ್ಟಿದರೂ ಸಿಡಿಯುತ್ತದೆ. ನೀರಿನಿಂದ ಆಗುವ ಕೆಲಸಕ್ಕೆ ಆ ಹಾದಿ ಬೇಡ.

ಒಣಗಿದ, ಇನ್ನೂ ಕಾಯಿಸಿ ಲೋಹ ಮಾಡದ ಪುಡಿ ತಿಳಿ ಹಳದಿಯಾಗಿರುತ್ತದೆ. ಅದನ್ನು ಕಿಟಕಿಯ ಬಳಿ ಬಿಟ್ಟರೆ ನಾಲ್ಕಾರು ದಿನದಲ್ಲಿ ನೇರಳೆಗೆ ತಿರುಗುತ್ತದೆ: ಬೆಳಕೇ ಅಯಾನನ್ನು ಲೋಹ ಮಾಡಿ, ಕಣವನ್ನು ಬೆಳೆಸಿರುತ್ತದೆ. ಕಪ್ಪು ಕಾಗದ ಸುತ್ತಿದ ಸೀಸೆ, ಗಾಳಿ ತೆಗೆದ ಡೆಸಿಕೇಟರ್, ಇವೆರಡನ್ನು ಮರೆತರೆ ಮುಂದಿನ ತಿಂಗಳು ಅಳೆಯುವುದು ಬೇರೆಯೇ ವಸ್ತುವನ್ನು.

ಬಣ್ಣ ಹೇಳುವಷ್ಟು

ಯಾವ ಯಂತ್ರಕ್ಕೂ ಮುನ್ನ ಕಣ್ಣಿಗೆ ಕಾಣುವ ಬಣ್ಣವೇ ಮೊದಲ ಸುಳಿವು. ಚಿನ್ನದ ಕಣದಲ್ಲಿರುವ ಸ್ವತಂತ್ರ ಎಲೆಕ್ಟ್ರಾನ್‌ಗಳು ಬೆಳಕಿನೊಡನೆ ಒಟ್ಟಾಗಿ ತೂಗಾಡುವುದರಿಂದ 520ರಿಂದ 560 ನ್ಯಾನೋಮೀಟರ್ ನಡುವಿನ ಬೆಳಕು ಹೀರಲ್ಪಡುತ್ತದೆ. ಟೈಟಾನಿಯದಂಥ ವಕ್ರೀಭವನಾಂಕ ಹೆಚ್ಚಿರುವ ಆಧಾರದ ಮೇಲೆ ಶಿಖರ 550ರ ಆಸುಪಾಸಿಗೆ ಸರಿಯುತ್ತದೆ, ಪುಡಿ ನೇರಳೆಯಾಗಿ ಕಾಣುತ್ತದೆ. ಸುಮಾರು 2 ನ್ಯಾನೋಮೀಟರ್‌ಗಿಂತ ಸಣ್ಣ ಕಣದಲ್ಲಿ ಈ ಶಿಖರ ಮಾಸಿಹೋಗುತ್ತದೆ. ಕಾಯಿಸಿದ ಮೇಲೂ ಪುಡಿ ಬೂದಾಗಿದ್ದು ನೇರಳೆ ಮಸುಕಾಗಿದ್ದರೆ ಒಳ್ಳೆಯ ಲಕ್ಷಣ. ಕಡು ನೇರಳೆ ಇದ್ದರೆ ದಪ್ಪ ಕಣಗಳಿವೆ ಎಂಬ ಅನುಮಾನ. ಹತ್ತು ನಿಮಿಷದ ಪ್ರಸರಣ ಪ್ರತಿಫಲನ ರೋಹಿತ (ಪುಡಿ ಚದುರಿಸಿ ಮರಳಿಸುವ ಬೆಳಕಿನಲ್ಲಿ ಯಾವ ಬಣ್ಣ ಎಷ್ಟಿದೆ ಎಂಬ ದಾಖಲೆ) ಇಷ್ಟನ್ನು ಹೇಳುತ್ತದೆ. ಶಿಖರದ ಜಾಗದಿಂದ ಕಣದ ವ್ಯಾಸ ಲೆಕ್ಕ ಹಾಕುವ ಸಾಹಸ ಮಾತ್ರ ಬೇಡ. ಆ ಜಾಗವನ್ನು ಆಧಾರ, ಕಣದ ಆಕಾರ, ತೇವ ಎಲ್ಲವೂ ಅಲುಗಿಸುತ್ತವೆ.

ಒಂದೇ ಪುಡಿ, ಮೂರು ಸರಾಸರಿ

ಎಡವುವುದು ಹೆಚ್ಚಾಗಿ ಇಲ್ಲೇ ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗೋಣ.

ಒಂದು ಚಿತ್ರದಲ್ಲಿ 101 ಕಣ ಇವೆ ಎಂದುಕೊಳ್ಳಿ. ನೂರು ಕಣಗಳ ವ್ಯಾಸ 2 ನ್ಯಾನೋಮೀಟರ್, ಒಂದರದು ಮಾತ್ರ 20. ತಲೆ ಎಣಿಸಿ ಸರಾಸರಿ ತೆಗೆದರೆ 2.2 ನ್ಯಾನೋಮೀಟರ್; ಅದ್ಭುತವಾದ ವೇಗವರ್ಧಕ ಎಂದು ಬರೆಯಬಹುದು. ಈಗ ಘನಗಾತ್ರ ನೋಡಿ. ವ್ಯಾಸದ ಘನಕ್ಕೆ ತಕ್ಕಂತೆ ನೂರು ಸಣ್ಣ ಕಣಗಳ ಪಾಲು 800, ಒಂದೇ ಒಂದು ದೊಡ್ಡ ಕಣದ ಪಾಲು 8,000. ನೂರಕ್ಕೆ 91ರಷ್ಟು ಚಿನ್ನ ಆ ಒಂದೇ ಕಣದಲ್ಲಿ ಕೂತಿದೆ. ಮೇಲ್ಮೈ ಲೆಕ್ಕಕ್ಕೆ ಬಂದರೆ ವ್ಯಾಸದ ವರ್ಗ: 400 ಮತ್ತು 400, ಸಮಪಾಲು. ಮೇಲ್ಮೈಯನ್ನು ತೂಕವಾಗಿ ಹಿಡಿದ ಸರಾಸರಿ 11 ನ್ಯಾನೋಮೀಟರ್, ಘನಗಾತ್ರವನ್ನು ಹಿಡಿದದ್ದು 18.4. ಪುಡಿ ಒಂದೇ, 2.2, 11, 18.4 ಮೂರೂ ನಿಜ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕ (ಟೆಮ್) ಕೊಡುವುದು ಮೊದಲನೆಯದು. ಹರಳುಗಳಿಂದ ಚದುರುವ ಎಕ್ಸ್ ಕಿರಣದ ಕೋನ ಅಳೆಯುವ ಎಕ್ಸ್‌ಆರ್‌ಡಿ ಕೊಡುವುದು ಮೂರನೆಯದರ ಹತ್ತಿರದ್ದು. ‘ಟೆಮ್ 2 ಅನ್ನುತ್ತೆ, ಎಕ್ಸ್‌ಆರ್‌ಡಿ 18 ಅನ್ನುತ್ತೆ, ಯಾವುದನ್ನು ನಂಬೋದು?’ ಎಂದು ಕೇಳಿದರೆ ಉತ್ತರ: ಎರಡನ್ನೂ. ಎರಡರ ನಡುವಿನ ಅಂತರವೇ ಪುಡಿಯಲ್ಲಿ ಎರಡು ಬಗೆಯ ಕಣಗಳಿವೆ ಎನ್ನುವುದಕ್ಕೆ ಸಾಕ್ಷಿ. ವೇಗದ ಲೆಕ್ಕಕ್ಕೆ ಬೇಕಾಗುವುದು ನಡುವಿನದು, ಮೇಲ್ಮೈಯ ಸರಾಸರಿ. ಗೋಳವೆಂದು ಹಿಡಿದರೆ, ಆ ವ್ಯಾಸವನ್ನು ನ್ಯಾನೋಮೀಟರ್‌ನಲ್ಲಿಟ್ಟು 1.17ನ್ನು ಅದರಿಂದ ಭಾಗಿಸಿ. ಮೇಲ್ಮೈಯಲ್ಲಿರುವ ಪರಮಾಣುಗಳ ಪಾಲು ಸಿಗುತ್ತದೆ. 3 ನ್ಯಾನೋಮೀಟರ್‌ಗೆ 0.39, 11ಕ್ಕೆ ಬರೀ 0.11.

ಪ್ಲಾಟಿನಂ ಆಗಿದ್ದರೆ ಇಷ್ಟು ಪಾಡಿರಲಿಲ್ಲ. ಹೈಡ್ರೋಜನ್ ಹಾಯಿಸಿ ಎಷ್ಟು ಹಿಡಿಯಿತೆಂದು ಅಳೆದರೆ ಮೇಲ್ಮೈ ಪರಮಾಣುಗಳ ಎಣಿಕೆ ನೇರವಾಗಿ ಸಿಗುತ್ತದೆ. ಚಿನ್ನ ಸಾಮಾನ್ಯ ತಾಪಮಾನದಲ್ಲಿ ಹೈಡ್ರೋಜನನ್ನು ಹಾಗೆ ಒಡೆದು ಹಿಡಿಯುವುದಿಲ್ಲ. ಆದ್ದರಿಂದ ಕಣಗಳನ್ನು ನೋಡಿಯೇ ಅಳೆಯಬೇಕು.

ಎಕ್ಸ್‌ಆರ್‌ಡಿ: ಎಲ್ಲಿ ನಂಬಬೇಕು, ಎಲ್ಲಿ ಬಾರದು

ತಾಮ್ರದ ಕೆ-ಆಲ್ಫಾ ಕಿರಣದಲ್ಲಿ ಚಿನ್ನದ 111 ಶಿಖರ (ಹರಳಿನ ಪರಮಾಣು ತಲಗಳನ್ನು ಇಂಥ ಮೂರಂಕಿಗಳಿಂದ ಹೆಸರಿಸುತ್ತಾರೆ) ಎರಡು ಥೀಟಾ, ಅಂದರೆ ಕಿರಣ ತಿರುಗಿದ ಕೋನ, 38.2 ಡಿಗ್ರಿಯಲ್ಲಿ ಬರುತ್ತದೆ. 200 ಶಿಖರ 44.4ರಲ್ಲಿ, 220 ಶಿಖರ 64.6ರಲ್ಲಿ. ಈಗ ಟೈಟಾನಿಯದ ಎರಡು ಹರಳು ರೂಪಗಳಾದ ಅನಟೇಸ್, ರೂಟೈಲ್‌ಗಳ ಶಿಖರಗಳನ್ನು ಪಕ್ಕದಲ್ಲಿಡಿ. ಅನಟೇಸ್‌ನದು 37.8 ಮತ್ತು 38.6, ರೂಟೈಲ್‌ನದು 44.1 ಮತ್ತು 64.0. ಚಿನ್ನದ ಮುಖ್ಯ ಶಿಖರಗಳ ಮೇಲೆಲ್ಲ ಟೈಟಾನಿಯ ಕೂತಿದೆ. ಇದೇ ಸಾಲದೆಂಬಂತೆ ಸಣ್ಣ ಕಣದ ಶಿಖರ ಅಗಲವಾಗಿ ಹರಡಿಕೊಳ್ಳುತ್ತದೆ. ಶಿಖರದ ಅಗಲವನ್ನು ಕಣದ ವ್ಯಾಸಕ್ಕೆ ಜೋಡಿಸುವ ಶೆರರ್ ಸಮೀಕರಣದಲ್ಲಿ ಇಟ್ಟು ನೋಡಿದರೆ 20 ನ್ಯಾನೋಮೀಟರ್ ಕಣದ ಶಿಖರದ ಅಗಲ 0.42 ಡಿಗ್ರಿ, 5 ನ್ಯಾನೋಮೀಟರ್‌ನದು 1.7 ಡಿಗ್ರಿ, 3 ನ್ಯಾನೋಮೀಟರ್‌ನದು 2.8 ಡಿಗ್ರಿ. ನೂರಕ್ಕೆ ಒಂದು ಪಾಲು ಚಿನ್ನದ ಸಣ್ಣ ಶಿಖರ 2.8 ಡಿಗ್ರಿ ಅಗಲಕ್ಕೆ ಹರಡಿದರೆ ಅದು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ.

ಹೀಗಾಗಿ ‘ಎಕ್ಸ್‌ಆರ್‌ಡಿಯಲ್ಲಿ ಚಿನ್ನದ ಶಿಖರ ಕಾಣಲಿಲ್ಲ, ಆದ್ದರಿಂದ ಕಣಗಳು ಸಣ್ಣವು’ ಎಂಬ ವಾಕ್ಯದ ಅರ್ಧವಷ್ಟೇ ಸರಿ. ಚಿನ್ನವೇ ಕಡಿಮೆ ಇದ್ದರೂ ಕಾಣುವುದಿಲ್ಲ, ಟೈಟಾನಿಯದ ಶಿಖರದಡಿ ಅಡಗಿದ್ದರೂ ಕಾಣುವುದಿಲ್ಲ. ಮಾಡಬೇಕಾದದ್ದು ಇಷ್ಟು: ಚಿನ್ನವಿಲ್ಲದ ಅದೇ ಟೈಟಾನಿಯವನ್ನು ಅದೇ ಪಿಎಚ್, ಅದೇ ತೊಳೆತ, ಅದೇ ಕಾಯಿಸುವಿಕೆಗೆ ಒಳಪಡಿಸಿ ಅದರ ವಿನ್ಯಾಸವನ್ನೂ ದಾಖಲಿಸಿ, 36ರಿಂದ 47 ಡಿಗ್ರಿವರೆಗೆ ನಿಧಾನವಾಗಿ, 0.02 ಡಿಗ್ರಿಗೊಂದು ಹೆಜ್ಜೆಯಂತೆ, ಹೆಜ್ಜೆಗೆ ಹತ್ತು ಸೆಕೆಂಡಾದರೂ ನಿಲ್ಲಿಸಿ ಓದಿ. ಒಂದರಿಂದ ಇನ್ನೊಂದನ್ನು ಕಳೆಯಿರಿ. ಉಪಕರಣವೇ ಶಿಖರಕ್ಕೆ ಸೇರಿಸುವ ಅಗಲವನ್ನು ಲ್ಯಾಂಥನಂ ಹೆಕ್ಸಾಬೋರೈಡಿನಿಂದ ಅಳೆದು ತೆಗೆದುಹಾಕದಿದ್ದರೆ ದೊಡ್ಡ ಕಣಗಳ ವ್ಯಾಸ ಇರುವುದಕ್ಕಿಂತ ಕಡಿಮೆ ಬರುತ್ತದೆ.

ಸೀರಿಯದ (ಸೀರಿಯಂ ಆಕ್ಸೈಡ್) ಮೇಲೆ ಕಥೆ ತಿರುವುಮುರುವು. ಅದರ ಶಿಖರಗಳು 28.5, 33.1, 47.5, 56.3 ಡಿಗ್ರಿಗಳಲ್ಲಿ, ಚಿನ್ನದ 38.2 ಮತ್ತು 44.4 ಎರಡೂ ಖಾಲಿ ಬಯಲಿನಲ್ಲಿ ನಿಲ್ಲುತ್ತವೆ. ಆದರೆ ಎಕ್ಸ್‌ಆರ್‌ಡಿಗೆ ಸುಲಭವಾದ ಸೀರಿಯ ಸೂಕ್ಷ್ಮದರ್ಶಕಕ್ಕೆ ಕಷ್ಟ.

ಸೂಕ್ಷ್ಮದರ್ಶಕದಲ್ಲಿ

ಸಾಮಾನ್ಯ ಟೆಮ್ ಚಿತ್ರದಲ್ಲಿ ಚಿನ್ನ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ತೊಂದರೆ ಏನೆಂದರೆ ಸರಿಯಾದ ಕೋನಕ್ಕೆ ತಿರುಗಿದ ಟೈಟಾನಿಯದ ಹರಳೂ ಕಪ್ಪಾಗಿಯೇ ಕಾಣುತ್ತದೆ. ಮಾದರಿಯನ್ನು ಒಂದೆರಡು ಡಿಗ್ರಿ ಓರೆ ಮಾಡಿ. ಮಾಯವಾದ ಕಪ್ಪು ಚಿನ್ನದ್ದಲ್ಲದಿರಬಹುದು. ಇದಕ್ಕಿಂತ ಭರವಸೆಯದು, ಸಣ್ಣ ಎಲೆಕ್ಟ್ರಾನ್ ಕಿರಣವನ್ನು ಚುಕ್ಕೆ ಚುಕ್ಕೆಯಾಗಿ ಹಾಯಿಸಿ ಚಿತ್ರ ಕಟ್ಟುವ ಸ್ಟೆಮ್‌ನ ದೊಡ್ಡ ಕೋನದ ಕಪ್ಪುಕ್ಷೇತ್ರ ಚಿತ್ರ. ಅದರಲ್ಲಿ ಹೊಳಪು ಪರಮಾಣು ಸಂಖ್ಯೆಯ ಸುಮಾರು ವರ್ಗದಷ್ಟು ಏರುತ್ತದೆ. ಚಿನ್ನ 79, ಟೈಟಾನಿಯಂ 22. ವರ್ಗಗಳ ಅನುಪಾತ ಹದಿಮೂರರ ಹತ್ತಿರ. ಅಮಾವಾಸ್ಯೆಯ ಆಕಾಶದಲ್ಲಿ ನಕ್ಷತ್ರದಂತೆ ಚಿನ್ನ ಎದ್ದು ಕಾಣುತ್ತದೆ. ಸೀರಿಯಂ 58, ಅನುಪಾತ ಎರಡನ್ನೂ ಮುಟ್ಟುವುದಿಲ್ಲ. 10 ನ್ಯಾನೋಮೀಟರ್ ದಪ್ಪದ ಸೀರಿಯದ ಹರಳಿನ ಮುಂದೆ 1 ನ್ಯಾನೋಮೀಟರ್ ಚಿನ್ನ ಮಂಕಾಗಿಬಿಡುತ್ತದೆ. ಅಲ್ಲಿ ಜಾಲರಿ ಗೆರೆಗಳ ಅಂತರ ಅಳೆದು ಗುರುತಿಸಬೇಕು: ಚಿನ್ನದ 111 ತಲಗಳ ನಡುವೆ 0.235 ನ್ಯಾನೋಮೀಟರ್, ಸೀರಿಯದ 111ರ ನಡುವೆ 0.312, 200ರ ನಡುವೆ 0.271.

ಮಾದರಿ ತಯಾರಿಯಲ್ಲಿ ಅಕ್ಕಿಕಾಳಿನಷ್ಟು ಪುಡಿಯೂ ಹೆಚ್ಚೇ. ಎಥನಾಲಿನಲ್ಲಿ ಕದಡಿ ರಂಧ್ರವುಳ್ಳ ಕಾರ್ಬನ್ ಪೊರೆಯ ಮೇಲೆ ಒಂದು ಹನಿ ಹಾಕಿದರೆ ಸಾಕು. ಕಾಯಿಸದ ಪುಡಿಯಾದರೆ ಎಥನಾಲ್ ಕೂಡ ಬೇಡ. ಅದು ಅಯಾನನ್ನು ಲೋಹ ಮಾಡಬಲ್ಲದು, ಒಣ ಪುಡಿಯನ್ನೇ ಉದುರಿಸಿ. ಎಕ್ಸ್ ಕಿರಣ ರೋಹಿತದಿಂದ ಧಾತುಗಳನ್ನು ಗುರುತಿಸುವಾಗ ಆಧಾರ ಯಾವುದೆಂಬ ಎಚ್ಚರವಿರಲಿ. ಜಿರ್ಕೋನಿಯದ ಮೇಲೆ ಚಿನ್ನದ 2.12 ಕಿಲೋ ಎಲೆಕ್ಟ್ರಾನ್‌ವೋಲ್ಟ್ ರೇಖೆ ಜಿರ್ಕೋನಿಯಂನ 2.04ರೊಡನೆ ಬೆರೆಯುತ್ತದೆ, 9.71ರ ರೇಖೆ ಬಳಸಬೇಕು. ಸತುವಿನ ಆಕ್ಸೈಡಿನಲ್ಲಿ ಆ 9.71ರ ಪಕ್ಕದಲ್ಲೇ ಸತುವಿನ 9.57 ಕಾದಿರುತ್ತದೆ.

ಎಣಿಕೆಯಲ್ಲಿ ಮೂರು ತಪ್ಪು ಮತ್ತೆ ಮತ್ತೆ ಆಗುತ್ತವೆ. ಚೆಂದದ ಜಾಗ ಹುಡುಕಿ ಚಿತ್ರ ತೆಗೆಯುವುದು ಮೊದಲನೆಯದು. 370 ಕೋಟಿ ಕೋಟಿ ಕಣಗಳಲ್ಲಿ ಮುನ್ನೂರನ್ನು ಎಣಿಸಿ ತೀರ್ಪು ಕೊಡುತ್ತಿದ್ದೇವೆ. ಆ ಮುನ್ನೂರು ಗ್ರಿಡ್ಡಿನ ಬೇರೆ ಬೇರೆ ಮೂಲೆಗಳ ಹತ್ತಿಪ್ಪತ್ತು ಚಿತ್ರಗಳಿಂದ ಬರಲಿ. ಎರಡನೆಯದು, ಹೆಚ್ಚು ವರ್ಧನೆಯಲ್ಲಿ ಮಾತ್ರ ನೋಡುವುದು. ಆ 20 ನ್ಯಾನೋಮೀಟರ್ ಕಣ ಸಿಗುವುದು ಕಡಿಮೆ ವರ್ಧನೆಯ, ಅಗಲವಾದ ಚಿತ್ರದಲ್ಲಿ. ಮೂರನೆಯದು ಎಲೆಕ್ಟ್ರಾನ್ ಕಿರಣವನ್ನೇ ಮರೆಯುವುದು. ಕಿರಣ ತಗುಲಿದಷ್ಟು ಹೊತ್ತೂ ಸಣ್ಣ ಚಿನ್ನದ ಕಣ ಅಲುಗಾಡುತ್ತದೆ, ಪಕ್ಕದ್ದರೊಡನೆ ಕೂಡಿಕೊಳ್ಳುತ್ತದೆ. ಒಂದೇ ಜಾಗವನ್ನು ಒಂದು ನಿಮಿಷ ಬಿಟ್ಟು ಎರಡನೇ ಸಲ ಚಿತ್ರಿಸಿ, ಎರಡನ್ನೂ ಒಂದರ ಮೇಲೊಂದಿಟ್ಟು ನೋಡಿ. ವ್ಯತ್ಯಾಸ ಕಂಡರೆ ಕಿರಣದ ತೀವ್ರತೆ ಇಳಿಸಬೇಕು.

ಇನ್ನೊಂದು ಮಾತು: ಮೇಲಿನಿಂದ ನೋಡಿದಾಗ ಕಾಣುವುದು ಅಗಲ, ಎತ್ತರವಲ್ಲ. ಗೋಳವೋ ಅರ್ಧಗೋಳವೋ ಎರಡೇ ಪದರದ ತಟ್ಟೆಯೋ ಗೊತ್ತಾಗಬೇಕಾದರೆ ಆಧಾರದ ಅಂಚಿನಲ್ಲಿ ಪಕ್ಕದಿಂದ ಕಾಣುವ ಕಣಗಳನ್ನು ಹುಡುಕಬೇಕು. 1998ರಲ್ಲಿ ಅಮೆರಿಕದ ಗುಡ್‌ಮನ್ ಗುಂಪು ಟೈಟಾನಿಯದ ಒಂಟಿ ಹರಳಿನ ಮೇಲೆ ತೋರಿಸಿದ್ದು ಇದನ್ನೇ. ಅಲ್ಲಿ ಅತಿ ಚುರುಕಾಗಿದ್ದದ್ದು ಸುಮಾರು 3.5 ನ್ಯಾನೋಮೀಟರ್ ಅಗಲದ, ಎರಡೇ ಪರಮಾಣು ಪದರ ದಪ್ಪದ ಚಿನ್ನ.

ಲೋಹವೋ ಅಯಾನೋ

ಎಕ್ಸ್‌ಪಿಎಸ್‌ನಲ್ಲಿ ಲೋಹೀಯ ಚಿನ್ನದ 4ಎಫ್ 7/2 (ಪರಮಾಣುವಿನ ಒಳಗಿನ ಒಂದು ಎಲೆಕ್ಟ್ರಾನ್ ಮಟ್ಟದ ಹೆಸರು) ಶಿಖರ 84.0 ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ, ಅದರ ಜೋಡಿ 5/2 ಶಿಖರ 3.7 ಆಚೆಗೆ. ಎರಡರ ವಿಸ್ತೀರ್ಣ 4ಕ್ಕೆ 3ರಂತೆ ಇರಲೇಬೇಕು. ಶಿಖರ ಬಿಡಿಸುವಾಗ ಈ ಎರಡು ಕಟ್ಟುಗಳನ್ನು ಸಡಿಲಿಸಿದರೆ ಬೇಕಾದ ಉತ್ತರ ಬರಿಸಬಹುದು. 3+ ಚಿನ್ನ (ಮೂರು ಎಲೆಕ್ಟ್ರಾನ್ ಕಳೆದುಕೊಂಡ ಅಯಾನ್) 86–87ರಲ್ಲಿ ಬರುತ್ತದೆ, 1+ ಚಿನ್ನ ಅದಕ್ಕೂ ಲೋಹಕ್ಕೂ ನಡುವೆ.

84.5ರಲ್ಲಿ ಶಿಖರ ಕಂಡ ಕೂಡಲೇ ‘ಭಾಗಶಃ ಧನ ಆವೇಶದ ಚಿನ್ನ’ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಕಣ ತೀರ ಸಣ್ಣದಾದಾಗ ಹೊರಬಿದ್ದ ಎಲೆಕ್ಟ್ರಾನ್ ಬಿಟ್ಟುಹೋದ ಧನ ಆವೇಶವನ್ನು ತುಂಬಿಕೊಳ್ಳುವ ಶಕ್ತಿ ಕಣಕ್ಕೆ ಕಡಿಮೆ. ಅಪ್ಪಟ ಲೋಹವಾಗಿದ್ದೂ ಶಿಖರ ಮೇಲಕ್ಕೆ ಸರಿಯುತ್ತದೆ. ಮಾದರಿ ಆವೇಶ ಹಿಡಿದರೂ ಸರಿಯುತ್ತದೆ. ಇಂಗಾಲದ 284.8ನ್ನು ಮಾತ್ರ ನೆಚ್ಚಿಕೊಳ್ಳದೆ ಆಧಾರದ ಸ್ವಂತ ಶಿಖರವನ್ನೂ ಗುರುತಾಗಿಡಬೇಕು: ಟೈಟಾನಿಯಕ್ಕೆ 458.6 ಬಳಿಯ 2ಪಿ 3/2, ಸೀರಿಯಕ್ಕೆ 916.7ರದು. ಎಕ್ಸ್ ಕಿರಣವೇ 3+ ಚಿನ್ನವನ್ನು ಲೋಹ ಮಾಡುತ್ತ ಹೋಗುವುದರಿಂದ ಚಿನ್ನದ ಭಾಗವನ್ನು ಎಲ್ಲಕ್ಕಿಂತ ಮೊದಲು, ಕಡಿಮೆ ಶಕ್ತಿಯಲ್ಲಿ ದಾಖಲಿಸಿ, ಕೊನೆಗೆ ಇನ್ನೊಮ್ಮೆ ದಾಖಲಿಸಿ. ಎರಡೂ ಹೊಂದದಿದ್ದರೆ ಮೊದಲನೆಯದಕ್ಕೇ ಬೆಲೆ. ಮೆಗ್ನೀಷಿಯ ಮತ್ತು ಸತುವಿನ ಆಕ್ಸೈಡಿನ ಮೇಲೆ ಇನ್ನೊಂದು ಕಾಟ: ಮೆಗ್ನೀಷಿಯಂನ 2ಎಸ್, ಸತುವಿನ 3ಪಿ ಎರಡೂ 88–90ರ ಸುತ್ತ ಬಂದು ಚಿನ್ನದ ಜೋಡಿಯ ಮೇಲೆ ಬೀಳುತ್ತವೆ.

ಕಾರ್ಬನ್ ಮಾನಾಕ್ಸೈಡನ್ನೇ ಬೇಹಿನವನಂತೆ ಕಳಿಸುವುದು ಇನ್ನೊಂದು ದಾರಿ. ಅತಿಗೆಂಪು ರೋಹಿತದಲ್ಲಿ ಲೋಹೀಯ ಚಿನ್ನದ ಮೇಲೆ ಕೂತ ಅಣು 2090ರಿಂದ 2115 ತರಂಗಸಂಖ್ಯೆಯಲ್ಲಿ ಕಾಣುತ್ತದೆ, ಧನ ಆವೇಶದ ಚಿನ್ನದ ಮೇಲಿನದು 2120ರಿಂದ ಮೇಲೆ, ಟೈಟಾನಿಯಂ ಅಯಾನ್ ಮೇಲಿನದು 2180ರ ಸುತ್ತ. ಆದರೆ ಎಲ್ಲೂ ಕೂರದೆ ಸುಳಿದಾಡುವ ಅನಿಲದ ರೋಹಿತವೂ 2143ರ ಎರಡು ಬದಿಗೆ, 2115 ಮತ್ತು 2170ರ ಸುತ್ತ, ಎರಡು ಗುಡ್ಡಗಳಾಗಿ ನಿಲ್ಲುತ್ತದೆ. ಅನಿಲವನ್ನು ಹೊರಗೆ ಹಾಕಿ ನೋಡೋಣ ಎಂದರೆ ಚಿನ್ನದ ಮೇಲಿನ ಅಣುವೂ ಜೊತೆಗೇ ಎದ್ದುಹೋಗುತ್ತದೆ, ಹಿಡಿತ ಅಷ್ಟು ಸಡಿಲ. ಹಾಗಾಗಿ ಅದೇ ಒತ್ತಡದಲ್ಲಿ ಪೊಟ್ಯಾಸಿಯಂ ಬ್ರೋಮೈಡ್ ಪುಡಿಯ ಮೇಲೆ ಅನಿಲದ ರೋಹಿತ ತೆಗೆದಿಟ್ಟುಕೊಂಡು ಕಳೆಯಬೇಕು. ಈ ಒಂದು ಹೆಜ್ಜೆ ತಪ್ಪಿಸಿದವರು 2115ರ ಗುಡ್ಡವನ್ನು ಚಿನ್ನವೆಂದು, 2170ರದನ್ನು ಚಿನ್ನದ ಅಯಾನೆಂದು ಹೆಸರಿಸುವ ಅಪಾಯವಿದೆ.

ಅತಿ ಪ್ರಖರ ಎಕ್ಸ್ ಕಿರಣ ಕೊಡುವ ಸಿಂಕ್ರೊಟ್ರಾನ್ ಯಂತ್ರದಲ್ಲಿ ಸಮಯ ಸಿಕ್ಕರೆ ನೋಡಬೇಕಾದದ್ದು ಚಿನ್ನದ ಎಲ್3 ಅಂಚು, ಅಂದರೆ ಚಿನ್ನ ಕಿರಣವನ್ನು ಥಟ್ಟನೆ ಹೆಚ್ಚು ಹೀರತೊಡಗುವ ಶಕ್ತಿ, 11,919 ಎಲೆಕ್ಟ್ರಾನ್‌ವೋಲ್ಟ್. ಇಂದೋರಿನ ಇಂಡಸ್-2ರಲ್ಲಿ ಇದಕ್ಕೆ ಬೇಕಾದ ಎಕ್ಸಾಫ್ಸ್ (ಆ ಅಂಚಿನಾಚೆಯ ಹೀರಿಕೆಯ ಏರಿಳಿತದಿಂದ ನೆರೆಯ ಪರಮಾಣುಗಳನ್ನು ತಿಳಿಯುವ ವಿಧಾನ) ಕಿರಣಮಾರ್ಗಗಳಿವೆ. ಇದರ ಬಲವೆಂದರೆ ಪುಡಿಯಲ್ಲಿರುವ ಪ್ರತಿ ಚಿನ್ನದ ಪರಮಾಣುವೂ, ಕಣದಲ್ಲಿರಲಿ ಒಂಟಿಯಾಗಿರಲಿ, ಲೆಕ್ಕಕ್ಕೆ ಬರುತ್ತದೆ. ಗಟ್ಟಿ ಚಿನ್ನದಲ್ಲಿ ಒಂದು ಪರಮಾಣುವಿನ ಸುತ್ತ 12 ನೆರೆಯವರು. ಕಣ ಸಣ್ಣದಾದಂತೆ ಈ ಸಂಖ್ಯೆ ಇಳಿಯುತ್ತದೆ. 0.2 ನ್ಯಾನೋಮೀಟರ್ ದೂರದಲ್ಲಿ ನೆರೆಯವ ಕಂಡರೆ ಆಮ್ಲಜನಕ, 0.228ರಲ್ಲಿ ಕಂಡರೆ ತೊಳೆಯದೆ ಉಳಿದ ಕ್ಲೋರಿನ್. ಸೀರಿಯದಂಥ ಭಾರದ ಆಧಾರ ಕಿರಣವನ್ನು ತಾನೇ ನುಂಗುವುದರಿಂದ ಅಲ್ಲಿ ಪ್ರತಿದೀಪ್ತಿಯಲ್ಲಿ (ಚಿನ್ನ ಮರಳಿ ಹೊಮ್ಮಿಸುವ ಎಕ್ಸ್ ಕಿರಣದಲ್ಲಿ) ಅಳೆಯಬೇಕು.

ಕಾಣುವ ಕಣವೇ ಕೆಲಸದ ಕಣವೇ?

2003ರಲ್ಲಿ ಅಮೆರಿಕದ ಮರಿಯಾ ಫ್ಲಿಟ್ಜಾನಿ-ಸ್ಟೆಫನೊಪೌಲಸ್ ಗುಂಪು ಸೀರಿಯದ ಮೇಲಿನ ಚಿನ್ನವನ್ನು ಸೋಡಿಯಂ ಸಯನೈಡ್ ದ್ರಾವಣದಲ್ಲಿ ತೊಳೆಯಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಅದಿರಿನಿಂದ ಚಿನ್ನ ಬಿಡಿಸುವುದಕ್ಕೆ ಬಳಸುವ ರಸಾಯನವೇ ಇದು. ಲೋಹೀಯ ಕಣಗಳೆಲ್ಲ ಕರಗಿಹೋದವು. ನೀರಾವಿ ಮತ್ತು ಕಾರ್ಬನ್ ಮಾನಾಕ್ಸೈಡಿನಿಂದ ಹೈಡ್ರೋಜನ್ ಪಡೆಯುವ ಕ್ರಿಯೆಯಲ್ಲಿ ಪುಡಿಯ ಚುರುಕು ಮಾತ್ರ ತಗ್ಗಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಫಳಫಳಿಸುತ್ತಿದ್ದ ಕಣಗಳು ಆ ಕೆಲಸದಲ್ಲಿ ಬರೀ ಪ್ರೇಕ್ಷಕರು. ದುಡಿಯುತ್ತಿದ್ದದ್ದು ಸೀರಿಯಕ್ಕೆ ಬಿಗಿದುಕೊಂಡಿದ್ದ, ಕಣ್ಣಿಗೆ ಬೀಳದ ಚಿನ್ನ. ಅಮೂಲ್ಯ ಲೋಹ ಅಯಾನ್ ರೂಪದಲ್ಲೇ ಸೀರಿಯದ ಜಾಲರಿಯೊಳಗೆ ಕೂತು ಕೆಲಸ ಮಾಡಬಲ್ಲದೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಎಸ್. ಹೆಗ್ಡೆ ಮತ್ತು ಸಂಗಡಿಗರು ಅದೇ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲರು ಬೆಳೆಸಿದ ದಹನ ವಿಧಾನದ ಪುಡಿಗಳಲ್ಲಿ ತೋರಿಸಿದ್ದಾರೆ.

2008ರಲ್ಲಿ ಹಚಿಂಗ್ಸ್ ಮತ್ತು ಸೂಕ್ಷ್ಮದರ್ಶಕ ತಜ್ಞ ಕ್ರಿಸ್ಟೋಫರ್ ಕೀಲಿ ಅವರ ಗುಂಪುಗಳು ಕಬ್ಬಿಣದ ಆಕ್ಸೈಡಿನ ಮೇಲೆ ಇನ್ನೂ ಬಿಗಿಯಾದ ಪರೀಕ್ಷೆ ಮಾಡಿದವು. ಒಂದು ಪುಡಿ ಚುರುಕು, ಇನ್ನೊಂದು ಜಡ. ಸಾಮಾನ್ಯ ಉಪಕರಣಗಳಿಗೆ ಎರಡೂ ಒಂದೇ. ಮಸೂರದ ದೋಷ (ವಿಪಥನ) ಸರಿಪಡಿಸಿದ ಸ್ಟೆಮ್‌ನಲ್ಲಿ ನೋಡಿದಾಗ ಚುರುಕಿನ ಜೊತೆ ಹೊಂದಿಕೊಂಡು ಹೋದದ್ದು ಅರ್ಧ ನ್ಯಾನೋಮೀಟರ್‌ನ, ಹತ್ತರಷ್ಟೇ ಪರಮಾಣುಗಳ, ಎರಡು ಪದರದ ಗುಚ್ಛಗಳು. ಇದರಿಂದ ಎಲ್ಲ ಆಕ್ಸೈಡಿಗೂ ಒಂದೇ ಸೂತ್ರ ಹೊಸೆಯಬಾರದು. ಟೈಟಾನಿಯದ ಮೇಲೆ 3 ನ್ಯಾನೋಮೀಟರ್ ಕಣದ ಅಂಚು, ಸೀರಿಯದ ಮೇಲೆ ಅಯಾನ್, ಕಬ್ಬಿಣದ ಆಕ್ಸೈಡಿನ ಮೇಲೆ ಗುಚ್ಛ ಎಂದು ಉತ್ತರ ಆಧಾರಕ್ಕೂ ಕ್ರಿಯೆಗೂ ತಕ್ಕಂತೆ ಬದಲಾಗುವುದನ್ನು ಒಪ್ಪಿಕೊಂಡು ನಡೆಯುವುದೇ ಪ್ರಾಮಾಣಿಕ ದಾರಿ.

ಕೊನೆಯ ಒರೆ, ಕ್ರಿಯೆಯೇ

50 ಮಿಲಿಗ್ರಾಂ ಪುಡಿಗೆ ಹತ್ತು ಪಟ್ಟು ಸ್ಫಟಿಕ ಮರಳು ಬೆರೆಸಿ, ನೂರಕ್ಕೆ 1 ಪಾಲು ಕಾರ್ಬನ್ ಮಾನಾಕ್ಸೈಡ್, 20 ಪಾಲು ಆಮ್ಲಜನಕ, ಮಿಕ್ಕಿದ್ದು ಹೀಲಿಯಂ ಹಾಯಿಸುವುದು ಸಾಮಾನ್ಯ ಏರ್ಪಾಡು. ಮರಳು ಬೇಕಾಗುವುದು ಶಾಖ ಒಂದೆಡೆ ಶೇಖರವಾಗದಿರಲಿ ಎಂದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಎಚ್ಚರಿಕೆಯ ಸಂವೇದಕ ಇಲ್ಲದ ಕೋಣೆಯಲ್ಲಿ ಸಿಲಿಂಡರ್ ತೆರೆಯಬೇಡಿ. ಅರ್ಧ ಪರಿವರ್ತನೆಯ ತಾಪಮಾನವೊಂದನ್ನೇ ಬರೆದು ಮುಗಿಸಿದರೆ ಎರಡು ಪುಡಿಗಳನ್ನು ಹೋಲಿಸಲಾಗದು, ಅದು ಪುಡಿಯ ತೂಕಕ್ಕೂ ಹರಿವಿಗೂ ತಕ್ಕಂತೆ ಅಲುಗುತ್ತದೆ. ಪರಿವರ್ತನೆ ನೂರಕ್ಕೆ 10–15 ಮೀರದಂತೆ ಇಟ್ಟುಕೊಂಡು ವೇಗ ಅಳೆದು, ಐಸಿಪಿ ಹೇಳಿದ ಚಿನ್ನದ ತೂಕದಿಂದ ಭಾಗಿಸಿ. ಆಮೇಲೆ ಬೇಕಾದರೆ ಮೇಲ್ಮೈ ಪರಮಾಣುಗಳಿಂದ.

ಇಲ್ಲಿ ಕೆಡಿಸುವ ಎರಡು ಸಂಗತಿ ಅನಿಲದಲ್ಲೇ ಅಡಗಿವೆ. ಒಂದು ತೇವ. ಹತ್ತು ಲಕ್ಷಕ್ಕೆ ಕೆಲವೇ ಪಾಲು ನೀರಾವಿಯ ಏರಿಳಿತಕ್ಕೂ ಚಿನ್ನ–ಟೈಟಾನಿಯದ ವೇಗ ಹತ್ತು ಪಟ್ಟು, ಇನ್ನೂ ಹೆಚ್ಚು ಬದಲಾಗಬಹುದು. ಮಳೆಗಾಲದ ಫಲಿತಾಂಶ ಬೇಸಗೆಯದಕ್ಕೆ ಹೊಂದದಿದ್ದರೆ ಪುಡಿಯನ್ನು ದೂರುವ ಮೊದಲು ಅನಿಲ ಒಣಗಿಸುವ ಸಾಧನವನ್ನು ನೋಡಿ. ಇನ್ನೊಂದು, ಉಕ್ಕಿನ ಸಿಲಿಂಡರಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಕಬ್ಬಿಣದೊಡನೆ ಸೇರಿ ಆಗುವ ಕಾರ್ಬೊನಿಲ್. ಅದು ಕಣ್ಣಿಗೆ ಕಾಣದಂತೆ ಬಂದು ಪುಡಿಯ ಮೇಲೆ ಕಬ್ಬಿಣ ಬಿಟ್ಟುಹೋಗುತ್ತದೆ. ಅಲ್ಯೂಮಿನಿಯಂ ಸಿಲಿಂಡರ್, ಇಲ್ಲವೇ ದಾರಿಯಲ್ಲಿ ಕಾಯಿಸಿದ ಅಲ್ಯೂಮಿನಾ ತುಂಬಿದ ನಳಿಗೆ ಇದಕ್ಕೆ ಪರಿಹಾರ.

ಕೆಲವು ಗಂಟೆಗಳಲ್ಲಿ ಚುರುಕು ಇಳಿಯತೊಡಗಿದರೆ ಪುಡಿಯನ್ನು ಎಸೆಯಬೇಡಿ. ಅದೇ ನಳಿಗೆಯಲ್ಲಿ ಒಣ ಗಾಳಿ ಹಾಯಿಸುತ್ತ 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಮತ್ತೆ ಅಳೆಯಿರಿ. ಚುರುಕು ಮರಳಿದರೆ ಅಂಚನ್ನು ಮುಚ್ಚಿದ್ದದ್ದು ಕಾರ್ಬೋನೇಟ್. ಅತಿಗೆಂಪು ರೋಹಿತದ 1300–1600ರ ನಡುವೆ ಅದರ ಗುರುತು ಮೊದಲು ಇದ್ದು ಈಗ ಹೋಗಿರಬೇಕು. ಮರಳದಿದ್ದರೆ ಬಳಸಿದ ಪುಡಿಯನ್ನು ಮರಳಿನಿಂದ ಜರಡಿ ಹಿಡಿದು ಬೇರ್ಪಡಿಸಿ, ಮತ್ತೆ ಸೂಕ್ಷ್ಮದರ್ಶಕಕ್ಕೆ ಒಯ್ದು ಕಡಿಮೆ ವರ್ಧನೆಯಿಂದ ಶುರುಮಾಡಿ, ಆ 20 ನ್ಯಾನೋಮೀಟರ್ ಕಣಗಳು ಹೊಸದಾಗಿ ಎಷ್ಟು ಹುಟ್ಟಿವೆ ಎಂದು ಎಣಿಸಿ.